ಮಾವನ ತಟ್ಟೆಯ ಉಳಿಕೆ

ಬೇಶೆನಾಲಿಗೆ ಆದಂಥ ಅನ್ಯಾಯ ತಲಾಸ್ ಕಣಿವೆಯಲ್ಲಿ ಅದುವರೆಗೆ ಯಾರಿಗೂ ಆಗಿರಲಿಲ್ಲ. ತಾನು ಬೆಳೆದ ಬೀನ್ಸ್ ಕಾಳನ್ನು ತಾನೇ ತಿನ್ನಬೇಕೆಂದು ಅವನಿಗೆ ಅಪ್ಪಣೆಯಾಗಿತ್ತು.

ತಲಾಸಿನಲ್ಲಿ ಮನೆಯ ಹಿತ್ತಲಿನಿಂದ ಹಿಡಿದು ಬೆಟ್ಟದ ಬುಡದವರೆಗೆ ಬೀನ್ಸೇ. ಬಿಳಿಯದು, ಕೆಂಪನೆಯದು, ಚುಕ್ಕೆ ಚುಕ್ಕೆಯದು. ಜನ ಬಿತ್ತುತ್ತಾರೆ, ನೀರು ಕಟ್ಟುತ್ತಾರೆ, ಒಕ್ಕುತ್ತಾರೆ, ಮೂಟೆ ಕಟ್ಟಿ ತುರ್ಕಿಯ ವ್ಯಾಪಾರಿಯ ಲಾರಿಗೆ ಏರಿಸಿ ಕೈ ಒರೆಸಿಕೊಳ್ಳುತ್ತಾರೆ. ಆ ಕಾಳು ಅಲ್ಲಿಂದ ಮುಂದೆ ಯಾರ ಹೊಟ್ಟೆ ಸೇರುತ್ತದೆ, ಅದನ್ನು ತಿನ್ನಬೇಕಾದಂಥ ತಪ್ಪನ್ನು ಆ ಜನ ಏನು ಮಾಡಿದ್ದಾರೆ ಎಂದು ಯಾರೂ ವಿಚಾರಿಸಿದವರಲ್ಲ. ತಿನ್ನುವುದಕ್ಕೆ ಕುರಿ ಇದೆ. ಕುರಿಯ ಹಿಂದೆ ತಟ್ಟೆಯಗಲದ ಕೊಬ್ಬಿನ ಬಾಲವಿದೆ. ಇಷ್ಟಿದ್ದ ಮೇಲೆ ಗಂಡಸಿಗೆ ಇನ್ನೇನು ಬೇಕು ಎಂಬುದು ಬೇಶೆನಾಲಿಯ ಸಿದ್ಧಾಂತ. ಈ ಸಿದ್ಧಾಂತದ ಮೇಲೆ ಅವನು ಮದುವೆಯಾಗಿ, ಮಗನನ್ನು ಬೆಳೆಸಿ, ಸೊಸೆಯನ್ನು ತಂದು, ಮೊಮ್ಮಗಳನ್ನೂ ಕಂಡಿದ್ದ.

ಎಲ್ಲ ಕೆಟ್ಟದ್ದು ಹೋದ ಬೇಸಿಗೆಯಲ್ಲಿ. ಬೇಸಿಗೆ ಬಂತೆಂದರೆ ಮನೆಮಂದಿ ಕುರಿ ಕುದುರೆ ಹೊಡೆದುಕೊಂಡು ಸುಸಾಮಿರಿನ ಹುಲ್ಲುಗಾವಲಿಗೆ ಹೋಗಿ ಕಂಬಳಿ ಗುಡಾರ ಹಾಕಬೇಕು. ಗುಡಾರದ ನೆತ್ತಿಯಲ್ಲಿ ಕೂರುವ ಮರದ ಚಕ್ರಕ್ಕೆ ತುಂದುಕ್ ಎನ್ನುತ್ತಾರೆ. ಹೊಗೆ ಹೋಗುವುದು ಅದರಲ್ಲೇ, ಬೆಳಕು ಬರುವುದು ಅದರಲ್ಲೇ. ಅದನ್ನು ಕವೆಗೋಲಿನ ತುದಿಗೆ ಸಿಕ್ಕಿಸಿ, ನಟ್ಟನಡುವೆ ನಿಂತು, ತಲೆಯ ಮೇಲೆತ್ತಿ ಹಿಡಿಯುವವನು ಮನೆಯ ಯಜಮಾನ. ಸುತ್ತಲಿನವರು ಬಾಗಿದ ಗಳುಗಳನ್ನು ಒಂದೊಂದಾಗಿ ಅದರ ತೂತಿಗೆ ಸೇರಿಸಿ ಬಿಗಿಯುವ ತನಕ ಅವನು ಅಲುಗಾಡಬಾರದು. ಚಕ್ರ ನೆಲಕ್ಕೆ ಬಿದ್ದರೆ ಮನೆಗೆ ಒಳ್ಳೆಯದಲ್ಲ. ಹೋದ ವರ್ಷ ಬೇಶೆನಾಲಿಯ ತೋಳು ನಡುಗಿತು, ಚಕ್ರ ವಾಲಿತು. ಪಕ್ಕದಲ್ಲೇ ತನ್ನ ಗುಡಾರ ಹಾಕುತ್ತಿದ್ದ ಹೆಂಡತಿಯ ತಮ್ಮ ರಿಸ್ಕುಲ್ ಓಡಿಬಂದು ಕೋಲು ಕಿತ್ತುಕೊಂಡು ನಿಲ್ಲಿಸಿದ. ನಿಲ್ಲಿಸಿ ಸುಮ್ಮನಿದ್ದಿದ್ದರೆ ಒಂದು ಮಾತಾಯಿತು. ಅವನು ಅದನ್ನು ಚಳಿಗಾಲವಿಡೀ, ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ, ಬಸ್ಸಿಗೆ ಕಾಯುವ ಕಡೆ, ವರ್ಣಿಸಿಕೊಂಡು ತಿರುಗಿದ.

ಸಾಲದ್ದಕ್ಕೆ ಚಳಿಗಾಲದಲ್ಲಿ ನ್ಯುಮೋನಿಯಾ ಬಂತು. ಎದ್ದ ಮೇಲೆ ಕುದುರೆಯ ಜೀನು ಎತ್ತುವುದಕ್ಕೂ ಆಗಲಿಲ್ಲ. ಹೆಂಡತಿ ಸೈರಕಾನ್ ಅವನನ್ನು ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು. ಮಗುವಿಗೆ ಚುಚ್ಚುಮದ್ದು ಹಾಕಿಸಬೇಕಿತ್ತೆಂದು ಸೊಸೆ ಕನಿಶಾಯ್ ಕೂಡ ಜೊತೆಗೆ ಬಂದಿದ್ದಳು. ಬಾಣಂತನ ಮುಗಿಸಿ ಎದ್ದ ಹುಡುಗಿ, ಗಾಳಿ ಬಂದರೆ ಬಾಗಿಲು ಹಿಡಿದುಕೊಳ್ಳಬೇಕು, ಹಾಗಿದ್ದಳು.

"ಬಲ ಬರಬೇಕಾದ್ರೆ ಪ್ರೋಟೀನ್ ಬೇಕು ಅಜ್ಜ, ಪ್ರತಿ ಊಟದಲ್ಲೂ ಬೇಕು" ಎಂದಳು ಡಾಕ್ಟರಮ್ಮ. "ಕೊಬ್ಬಿಲ್ಲದ ಮಾಂಸ, ಮೊಟ್ಟೆ, ಮೀನು, ಗಟ್ಟಿ ಮೊಸರು, ಬೇಳೆ, ಕಾಳು. ನಿಮ್ಮೂರಲ್ಲಿ ಬೀನ್ಸಿಗೇನು ಬರ?"

"ಬಾಲದ ಕೊಬ್ಬು?"

"ಅದು ಬೇಡ."

"ಅದ್ರಲ್ಲೇ ಅಲ್ವೇನಮ್ಮ ಬಲ ಇರೋದು?"

"ಅದ್ರಲ್ಲಿರೋದು ಕೊಬ್ಬು ಅಜ್ಜ."

(ಕೊಬ್ಬಿನಲ್ಲಿ ಕೊಬ್ಬಿದೆ ಎಂದು ಕಂಡುಹಿಡಿಯುವುದಕ್ಕೆ ಇಷ್ಟು ವರ್ಷ ಓದಬೇಕಿತ್ತೇ ಎಂದು ಬೇಶೆನಾಲಿ ಮನಸ್ಸಿನಲ್ಲೇ ಅಂದುಕೊಂಡ.) ಅವನು ಕೋಟು ಹಾಕಿಕೊಂಡು ಹೊರಗೆ ಬಂದು ನಿಂತ ಮೇಲೂ ಸೈರಕಾನ್ ಒಳಗೆ ಡಾಕ್ಟರಮ್ಮನ ಜೊತೆ ಬಹಳ ಹೊತ್ತು ಗುಸುಗುಸು ಮಾತಾಡಿದಳು. ತನಗೆ ಇನ್ನೇನೇನು ನಿಷೇಧವಾಗುತ್ತಿದೆಯೋ ಎಂದು ಅವನು ಹೊರಗೇ ಬೆವರಿದ.

ಸೈರಕಾನ್ ಅಂಥಿಂಥ ಹೆಂಗಸಲ್ಲ. ಒಂದು ಕೆಲಸ ಹಿಡಿದಳೆಂದರೆ ಅದರ ಜೀವ ತೆಗೆಯದೆ ಬಿಡುವವಳಲ್ಲ. "ಔಷಧೀನ ರುಚಿ ಇಲ್ಲದೇ ಇದ್ರೂ ಮೂಗು ಮುಚ್ಕೊಂಡು ಕುಡೀಬೋದು. ಊಟಾನ ಹಾಗೆ ಮಾಡಕ್ಕಾಗತ್ತಾ?" ಎಂದು ಒಲೆಯ ಮುಂದೆ ಕುಳಿತಳು. ಕಾಳನ್ನು ರಾತ್ರಿ ನೆನೆಹಾಕಿ, ಬೆಣ್ಣೆಯಂತೆ ಬೇಯಿಸಿ, ಈರುಳ್ಳಿ ಟೊಮೇಟೊ ಹುರಿದು ಹಾಕಿ, ಮೇಲೆ ಸಬ್ಬಸಿಗೆ ಉದುರಿಸಿದಳು. ನದಿಯ ಮೀನನ್ನು ಮೆಣಸಿನಪುಡಿ ಹಚ್ಚಿ ಹೆಂಚಿನ ಮೇಲೆ ಗರಿಗರಿಯಾಗಿ ಹುರಿದಳು. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರಿಗೆ ಅಕ್ರೋಟು ಕುಟ್ಟಿ ಬೆರೆಸಿದಳು. ಬೆಟ್ಟದ ಕಾಡು ಈರುಳ್ಳಿ ಹೆಚ್ಚಿ ಮೊಟ್ಟೆಗೆ ಹಾಕಿದಳು. ಮನೆಯಲ್ಲಿ ಎದ್ದ ಪರಿಮಳಕ್ಕೆ ಬೀದಿಯಲ್ಲಿ ಹೋಗುವವರು ನಿಂತು ಹೋಗುತ್ತಿದ್ದರು. ಆದರೆ ಬೇಶೆನಾಲಿಯದು ತತ್ವದ ಪ್ರಶ್ನೆ.

"ಇದೇನಿದು?" ಎಂದ ಅವನು ಮೊದಲ ದಿನ, ಬಟ್ಟಲನ್ನು ದೂರದಿಂದಲೇ ನೋಡುತ್ತ.

"ಗೊತ್ತಿಲ್ವಾ? ನೀವೇ ಬೆಳೆದಿದ್ದು."

"ಬೆಳೆದಿದ್ದನ್ನೆಲ್ಲ ತಿನ್ನಕ್ಕಾಗತ್ತಾ? ಗಡ್ಡಾನೂ ನಾನೇ ಬೆಳೆದಿದ್ದು."

"ಸುಮ್ನೆ ಬಾಯಿಗ್ ಹಾಕ್ಕೊಳ್ರಿ ಮುದುಕಪ್ಪ. ಜೂನ್ ಬಂದ್ರೆ ತುಂದುಕ್ ಎತ್ತೋದು ನಾಲಿಗೆ ಅಲ್ಲ, ತೋಳು."

ಈ ಮಾತು ನಾಟಿತು. ಅವನು ಒಂದು ಚಮಚ ಬಾಯಿಗಿಟ್ಟು, ಕಣ್ಣುಮುಚ್ಚಿ, ಅಗಿಯದೆ ನುಂಗಿದ. ಎರಡನೆಯ ಚಮಚ ಎತ್ತುವಾಗ ಸೊಸೆಯ ಮೇಲೆ ಕಣ್ಣು ಬಿತ್ತು. ಕನಿಶಾಯ್ ಬಾಗಿಲ ಬಳಿ ಮಂಡಿಯೂರಿ ಎಲ್ಲರಿಗೂ ಚಹಾ ಬಗ್ಗಿಸುತ್ತಿದ್ದಳು. ಸೊಸೆಯೆಂದರೆ ಎಲ್ಲರೂ ಎದ್ದ ಮೇಲೆ ಉಳಿದದ್ದನ್ನು ಉಣ್ಣುವವಳು. ಮಾವನೆದುರು ದನಿ ಎತ್ತುವವಳಲ್ಲ, ಮಾವನ ಹೆಸರೆತ್ತುವವಳಂತೂ ಅಲ್ಲವೇ ಅಲ್ಲ. (ಅವರ ಭಾಷೆಯಲ್ಲಿ ಬೇಶೆನಾಲಿ ಎಂಬ ಹೆಸರಿನೊಳಗೆ ಗುರುವಾರ ಅಡಗಿದೆ. ಆದ್ದರಿಂದ ಆ ಮನೆಗೆ ಬಂದಂದಿನಿಂದ ಕನಿಶಾಯ್‌ಗೆ ವಾರದಲ್ಲಿ ಗುರುವಾರವೇ ಇಲ್ಲ. "ಬುಧವಾರದ ಮಾರನೇ ದಿನ" ಎನ್ನುತ್ತಾಳೆ.) ಅವಳನ್ನು ನೋಡುತ್ತಿದ್ದಂತೆ ಬೇಶೆನಾಲಿಯ ತಲೆಯಲ್ಲಿ ದೀಪ ಹತ್ತಿಕೊಂಡಿತು.

ಹಿರಿಯರು ತಮ್ಮ ತಟ್ಟೆಯಿಂದ ತೆಗೆದು ಕಿರಿಯರಿಗೆ ಕೊಡುವ ಉಳಿಕೆಗೆ ಸರ್ಕಿತ್ ಎಂದು ಹೆಸರು. ಅದರ ಜೊತೆಗೆ ಹಿರಿಯರ ಆಯುಸ್ಸು, ಬಲ, ಹರಕೆ ಎಲ್ಲ ಬರುತ್ತದೆಂದು ನಂಬಿಕೆ. ಕೊಟ್ಟರೆ ಬೇಡವೆನ್ನುವಂತಿಲ್ಲ, ಇನ್ನೊಬ್ಬರಿಗೆ ದಾಟಿಸುವಂತಿಲ್ಲ, ಕೊಟ್ಟವರ ಕಣ್ಣೆದುರೇ ತಿಂದು ಮುಗಿಸಬೇಕು. ಇಷ್ಟು ದೊಡ್ಡ ಆಯುಧ ಮನೆಯಲ್ಲೇ ಇಟ್ಟುಕೊಂಡು ತಾನು ಬೀನ್ಸ್ ನುಂಗುತ್ತಿದ್ದೇನಲ್ಲ ಎಂದು ಅವನಿಗೆ ತನ್ನ ಮೇಲೇ ಬೇಸರ ಬಂತು.

"ಕನಿಶಾಯ್, ಬಾ ಮಗಳೇ" ಎಂದು ಗಂಭೀರವಾಗಿ ಕರೆದ. "ನೀನು ಈ ಮನೆಗೆ ಮೊಮ್ಮಗಳನ್ನ ಕೊಟ್ಟವಳು. ತಗೋ, ನನ್ನ ಸರ್ಕಿತ್."

ಕನಿಶಾಯ್ ಕೆಂಪಾದಳು. ಎರಡೂ ಕೈ ಒಡ್ಡಿ ಬಟ್ಟಲು ತೆಗೆದುಕೊಂಡಳು. ತಲೆ ತಗ್ಗಿಸಿಕೊಂಡು ತಳ ಕಾಣುವವರೆಗೆ ತಿಂದಳು. ತಡೆಯಲು ಬಾಯಿ ತೆರೆದ ಸೈರಕಾನ್, ಸೊಸೆಯ ಮುಖ ನೋಡಿ ಪಾತ್ರೆಯ ಮುಚ್ಚಳ ಮುಚ್ಚಿದಳು.

ಅಂದಿನಿಂದ ಅದೇ ಕ್ರಮವಾಯಿತು. ಮೀನು ಬಂತು, "ಬಾ ಮಗಳೇ". ಮೊಟ್ಟೆ ಬಂತು, "ಬಾ ಮಗಳೇ". ಅಕ್ರೋಟಿನ ಮೊಸರು ಬಂದಾಗ ಒಂದು ಕ್ಷಣ ಅವನ ನಾಲಿಗೆ ಹಿಂಜರಿಯಿತು, ಆದರೂ ತತ್ವ ತತ್ವವೇ. ಈ ಸುದ್ದಿ ಬಾಯಿಂದ ಬಾಯಿಗೆ ಹರಡಿ, ಊರ ಹೆಂಗಸರೆಲ್ಲ ತಮ್ಮ ಗಂಡಂದಿರಿಗೆ ಬೇಶೆನಾಲಿಯನ್ನು ತೋರಿಸಿ ಬುದ್ಧಿ ಹೇಳತೊಡಗಿದರು. ತನ್ನ ಬಾಯಿಗೆ ಹೋಗುವ ತುತ್ತನ್ನು ಸೊಸೆಗೆ ಕೊಡುವ ಮಾವ! ಅವನು ಬೀದಿಯಲ್ಲಿ ಹೋದರೆ ಮುದುಕಿಯರು ನಿಲ್ಲಿಸಿ ಹರಸಿದರು. ಮೊದಮೊದಲು ಅವನಿಗೆ ಕಸಿವಿಸಿಯಾಯಿತು. ಆಮೇಲೆ ಅವರು ಹೇಳುವುದರಲ್ಲಿಯೂ ನಿಜವಿದೆ ಅನ್ನಿಸತೊಡಗಿತು.

ಹಸಿದ ಹೊಟ್ಟೆಯ ಪಾಡೇನು ಎನ್ನುತ್ತೀರಾ? ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಅವನು ರಿಸ್ಕುಲನ ಮನೆಗೇ ಹೋಗುತ್ತಿದ್ದ. ಬಾಗಿಲಿಗೆ ಬಂದವನು ಪರಮಶತ್ರುವಾದರೂ ಉಣ್ಣಿಸದೆ ಕಳಿಸಬಾರದೆಂಬುದು ಅಲ್ಲಿಯ ಧರ್ಮ. ಬೇಶೆನಾಲಿ ಆ ಧರ್ಮವನ್ನು ದಿನವೂ ಪರೀಕ್ಷೆ ಮಾಡಿದ.

"ಬನ್ನಿ ಭಾವ, ಬನ್ನಿ" ಎನ್ನುತ್ತಿದ್ದ ರಿಸ್ಕುಲ್. "ಅಕ್ಕ ಇವತ್ತೇನ್ ಹಾಕಿದ್ಲು?"

"ಮಸೂರಬೇಳೆ."

"ಅಯ್ಯೋ ಪಾಪ! ಏ, ಭಾವನಿಗೆ ಬಾಲದ್ದೊಂದು ತುಂಡು ತಾರೇ. ದೊಡ್ಡದೇ ತಾ." ಕೊಬ್ಬು ಬಂದು ಬೆಳ್ಳಗೆ ನಡುಗುತ್ತ ತಟ್ಟೆಯಲ್ಲಿ ಕೂತಾಗ ರಿಸ್ಕುಲ್ ಅದನ್ನೂ ಭಾವನ ತೋಳನ್ನೂ ಒಂದರ ಪಕ್ಕ ಒಂದಿಟ್ಟು ನೋಡುವವನಂತೆ ನೋಡುತ್ತಿದ್ದ. "ತಿನ್ನಿ ಭಾವ, ಚೆನ್ನಾಗ್ ತಿನ್ನಿ. ಈ ಸಲಾನೂ ನಾನು ಪಕ್ಕದಲ್ಲೇ ಇರ್ತೀನಿ, ಯೋಚ್ನೆ ಮಾಡ್ಬೇಡಿ."

ಈ ಮಾತಿಗೆ ತುತ್ತು ಗಂಟಲಲ್ಲಿ ನಿಲ್ಲಬೇಕಿತ್ತು. ಆದರೆ ಬಾಲದ ಕೊಬ್ಬು ಗಂಟಲಲ್ಲಿ ನಿಲ್ಲುವ ಪದಾರ್ಥವಲ್ಲ.

ವಸಂತದ ಹೊತ್ತಿಗೆ ಬೇಶೆನಾಲಿಯ ಸೊಂಟದ ಬೆಲ್ಟಿಗೆ ತುದಿಯ ಕಡೆ ಹೊಸ ತೂತು ಹೊಡೆಯಬೇಕಾಯಿತು. ಬಲ ಬರುತ್ತಿರುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಕನ್ನಡಿಯ ಮುಂದೆ ತೋಳು ಮಡಚಿ ನೋಡಿದ. ತೋಳು ಹಾಗೇ ಇತ್ತು. ಮೊದಲು ಹೊಟ್ಟೆಗೆ ಬಂದ ಬಲ ನಿಧಾನವಾಗಿ ತೋಳಿಗೆ ಇಳಿಯುತ್ತದೆಂದು ಸಮಾಧಾನ ಮಾಡಿಕೊಂಡ. ಒಂದು ದಿನ ಉಪ್ಪಿನಕಾಯಿ ಜಾಡಿಯ ಮುಚ್ಚಳ ಅವನಿಗೆ ತೆಗೆಯಲಾಗಲಿಲ್ಲ. ಕನಿಶಾಯ್ ಮಗುವನ್ನು ಕಂಕುಳಲ್ಲಿ ಇರುಕಿಕೊಂಡೇ ಬಂದು ಮುಚ್ಚಳ ತಿರುಗಿಸಿಟ್ಟು ಹೋದಳು.

"ನಾನು ಸಡಿಲ ಮಾಡಿಟ್ಟಿದ್ದೆ" ಎಂದ ಅವನು.

"ಹೌದೌದು, ನೋಡ್ದೆ" ಎಂದಳು ಸೈರಕಾನ್. ಅವಳ ಮುಖದಲ್ಲಿ ನಗು ಇತ್ತೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ.

ಹೊರಡುವ ದಿನ ಹತ್ತಿರ ಬಂದಂತೆ ಅವನ ನಿದ್ದೆ ಕೆಟ್ಟಿತು. ಕವೆಗೋಲನ್ನು ಕೊಟ್ಟಿಗೆಯಿಂದ ತೆಗೆದು ಒರೆಸುತ್ತ ಕೂತವನ ಪಕ್ಕದಲ್ಲಿ ಸೈರಕಾನ್ ಬಂದು ಕೂತಳು.

"ಆಗ್ದೇ ಇದ್ರೆ ಕುತ್ಮಾನ್ ಎತ್ತಲಿ ಬಿಡ್ರಿ. ಮಗ ತಾನೆ, ಬೇರೆಯೋನಾ?"

ಬೇಶೆನಾಲಿ ಕೋಲು ಒರೆಸುತ್ತಲೇ ಇದ್ದ. ಅವನಿಗೆ ಅಪ್ಪನ ನೆನಪಾಗಿತ್ತು. ಕೋಲನ್ನು ಅಪ್ಪ ತನ್ನ ಕೈಗೆ ಕೊಟ್ಟ ಬೇಸಿಗೆ. ಅಪ್ಪ ಅಂದು ಗುಡಾರಕ್ಕೆ ಬೆನ್ನು ಮಾಡಿ ಹೊರಗೆ ಕೂತು ಕುದುರೆಗಳನ್ನು ನೋಡುತ್ತಿದ್ದ. ಅದರ ಮಾರನೆಯ ದಿನದಿಂದ ಯಾವ ಕುರಿ ಮಾರಬೇಕು, ಯಾವ ಕಡೆ ಮೇಯಿಸಬೇಕು ಎಂದು ಏನೇ ಕೇಳಿದರೂ "ನೀನು ಹೇಗೆ ಹೇಳ್ತೀಯೋ ಹಾಗೆ" ಎನ್ನುತ್ತಿದ್ದ. ಅಷ್ಟು ಜೋರಿನ ಮನುಷ್ಯ, ಒಂದೇ ಬೇಸಿಗೆಯಲ್ಲಿ ತನ್ನ ಮನೆಯಲ್ಲೇ ನೆಂಟನಂತಾದ. ಬೇಶೆನಾಲಿಗೆ ಸಾವಿನ ಭಯ ಅಷ್ಟಿರಲಿಲ್ಲ, ಆ ಒಂದು ವಾಕ್ಯದ ಭಯವಿತ್ತು.

"ಎತ್ತೋದು ನಾನೇ" ಎಂದ ಕೊನೆಗೆ. ಸೈರಕಾನ್ ಅವನ ಬೆನ್ನ ಮೇಲೆ ಒಮ್ಮೆ ಕೈಯಿಟ್ಟು ಎದ್ದು ಹೋದಳು.

ಸುಸಾಮಿರಿನಲ್ಲಿ ಅಂದು ಗಾಳಿ. ಕುತ್ಮಾನ್ ಮಂದೆ ಹೊಡೆದುಕೊಂಡು ಇನ್ನೂ ಕಣಿವೆಯ ದಾರಿಯಲ್ಲೇ ಇದ್ದ. ಮೋಡ ಕವಿಯುತ್ತಿತ್ತು, ಮಗು ಅಳುತ್ತಿತ್ತು, ಗುಡಾರ ಎದ್ದೇಳಲೇಬೇಕಿತ್ತು. ಅತ್ತೆ ಸೊಸೆ ಸೇರಿ ಜಾಲರಿಗೋಡೆಯನ್ನು ವೃತ್ತವಾಗಿ ಕಟ್ಟಿ ನಿಲ್ಲಿಸಿದರು. ಬೇಶೆನಾಲಿ ಟೋಪಿ ಸರಿಮಾಡಿಕೊಂಡು, ದೇವರ ಹೆಸರು ಹೇಳಿ, ತುಂದುಕ್ಕನ್ನು ಕವೆಗೋಲಿಗೆ ಸಿಕ್ಕಿಸಿ ಎತ್ತಿದ.

ಎದ್ದಿತು! ಮಂಡಿ ದಾಟಿ, ಸೊಂಟ ದಾಟಿ, ಹೊಸ ಹೊಟ್ಟೆಯನ್ನು ಸ್ವಲ್ಪ ಸುತ್ತುಹಾಕಿ, ಎದೆ ದಾಟಿ, ತಲೆಯ ಮೇಲೆ ಹೋಗಿ ನಿಂತಿತು. ಸೈರಕಾನ್ ಒಂದು ಗಳು ಸೇರಿಸಿದಳು. ಕನಿಶಾಯ್ ಎದುರಿನ ಇನ್ನೊಂದನ್ನು ಸೇರಿಸಿದಳು. ಅಷ್ಟರಲ್ಲಿ ಬೀಸಿತು ನೋಡಿ ಗಾಳಿ. ಚಕ್ರ ವಾಲಿತು. ಕೋಲು ಬೇಶೆನಾಲಿಯ ಹಿಡಿಯಲ್ಲಿ ಜಾರತೊಡಗಿತು. ಕಣ್ಣಂಚಿನಲ್ಲಿ ರಿಸ್ಕುಲ್ ತನ್ನ ಗುಡಾರ ಬಿಟ್ಟು ಅಂಗಿಯ ತೋಳು ಮಡಿಸುತ್ತ ಓಡಿಬರುವುದು ಕಾಣಿಸಿತು. ಇನ್ನೊಂದು ವರ್ಷ, ಮದುವೆ ಮನೆ, ಸಾವಿನ ಮನೆ, ಬಸ್ಸಿಗೆ ಕಾಯುವ ಕಡೆ! ಬೇಶೆನಾಲಿ ಹಲ್ಲು ಕಚ್ಚಿದ, ಕಣ್ಣು ಮುಚ್ಚಿದ, ಪೂರ್ವಜರನ್ನೆಲ್ಲ ಸಾಲಾಗಿ ನೆನೆದ.

ಏನಾಶ್ಚರ್ಯ! ಕೋಲು ನೆಟ್ಟಗಾಯಿತು. ನೆಟ್ಟಗಾಗಿ ಬಂಡೆಯಲ್ಲಿ ಹೂಳಿದಂತೆ ನಿಂತಿತು. ತೋಳಿನ ನೋವೂ ಮಾಯವಾಯಿತು. ಹೊಟ್ಟೆಯಲ್ಲಿ ತಂಗಿದ್ದ ಬಲ ಕೊನೆಗೂ ತೋಳಿಗೆ ಇಳಿಯಿತೆಂದು ಅವನಿಗೆ ಖಾತ್ರಿಯಾಯಿತು. ಕಣ್ಣು ತೆರೆದಾಗ ರಿಸ್ಕುಲ್ ಜಾಲರಿಯ ಆಚೆ ಬಾಯಿ ತೆರೆದು ನಿಂತಿದ್ದ.

"ಏನೋ, ಸಹಾಯಕ್ಕೆ ಬಂದ್ಯಾ?" ಎಂದು ಬೇಶೆನಾಲಿ ಗರ್ಜಿಸಿದ. "ಹೋಗೋ! ಹೋಗಿ ನಿನ್ನ ಗುಡಾರ ನೋಡ್ಕೋ ಹೋಗು! ಈ ತೋಳು ಯಾರ್ದು ಅಂದ್ಕೊಂಡೆ?"

ಹೀಗೆಂದು ಅವನು ತೋಳನ್ನು ಎತ್ತಿ ತೋರಿಸಿದ. ಒಂದು ತೋಳು ಸಾಲದೆಂದು ಎರಡನ್ನೂ ಎತ್ತಿ ತೋರಿಸಿದ.

ಆಮೇಲೆ ಅವನಿಗೆ ಹೊಳೆಯಿತು. ಎರಡು ತೋಳೂ ಇಲ್ಲಿವೆ. ತುಂದುಕ್ ಮಾತ್ರ ಅಲ್ಲೇ ಇದೆ, ಒಂದಿಷ್ಟೂ ಅಲುಗದೆ.

ರಿಸ್ಕುಲ್ ನೋಡುತ್ತಿದ್ದುದು ಅವನ ತೋಳನ್ನಲ್ಲ. ಬೇಶೆನಾಲಿ ನಿಧಾನವಾಗಿ ಕಣ್ಣು ಕೆಳಗಿಳಿಸಿದ. ಕೋಲಿನ ನಡುವಿನಲ್ಲಿ, ತನ್ನ ಹೊಟ್ಟೆಯ ಪಕ್ಕದಲ್ಲಿ, ಬಳೆ ತೊಟ್ಟ ಒಂದು ಕೈ ಇತ್ತು. ಕನಿಶಾಯ್ ಅವನ ಹಿಂದೆ ಕಾಲು ಅಗಲಿಸಿ ನಿಂತು, ಮಗುವನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಮನೆಯನ್ನು ಹಿಡಿದುಕೊಂಡಿದ್ದಳು. ಸಿಕ್ಕಿಬಿದ್ದ ಕಳ್ಳಿಯ ಹಾಗೆ ತಲೆ ತಗ್ಗಿಸಿದ್ದಳು.

"ತಪ್ಪಾಯ್ತು ಮಾವ" ಎಂದಳು ಮೆಲ್ಲಗೆ. "ಗಾಳಿ ಬಂತು ಅಂತ..."

ಸೈರಕಾನ್ ಒಬ್ಬಳೇ ಗಳು ಸೇರಿಸುತ್ತ ಹೋದಳು. ರಿಸ್ಕುಲ್ ಏನೋ ಹೇಳಹೊರಟು, ಅಕ್ಕನ ನೋಟ ಕಂಡು, ತಾನೂ ಒಂದು ಗಳು ಎತ್ತಿಕೊಂಡ.

ಹೊಸ ಗುಡಾರದಲ್ಲಿ ಮೊದಲ ಊಟಕ್ಕೆ ಕುರಿ ಕೊಯ್ದರು. ಸಂಜೆಯ ಹೊತ್ತಿಗೆ ಕುತ್ಮಾನನೂ ಬಂದು ಸೇರಿದ. ರಿಸ್ಕುಲನನ್ನೂ ಕರೆದಿದ್ದರು. ಯಾರಿಗೆ ಯಾವ ಮೂಳೆ ಎಂಬುದು ಅಲ್ಲಿ ಹುಡುಗಾಟದ ವಿಷಯವಲ್ಲ. ವಯಸ್ಸು, ಮಾನ, ಸಂಬಂಧ ಎಲ್ಲ ತೂಗಿ ಯಜಮಾನನೇ ಹಂಚಬೇಕು. ಸೊಂಟದ ದೊಡ್ಡ ಮೂಳೆ ಮನೆಯನ್ನು ನಿಲ್ಲಿಸಿದವನಿಗೆ. ಬೇಶೆನಾಲಿ ಅದನ್ನು ಕೈಗೆತ್ತಿಕೊಂಡ. ತುಂದುಕ್ಕಿನ ತೂತಿನಿಂದ ಸಂಜೆಯ ಬೆಳಕು ಅವನ ಮೇಲೇ ಬೀಳುತ್ತಿತ್ತು. ಅವನಿಗೆ ನಾಚಿಕೆಯಾಗಿತ್ತು, ದುಃಖವೂ ಆಗಿತ್ತು. ಆದರೆ ಗಾಳಿಯಲ್ಲಿ ಕೋಲು ನೆಟ್ಟಗೆ ನಿಂತ ಆ ಗಳಿಗೆಯ ಹಗುರ ಇನ್ನೂ ತೋಳಲ್ಲಿ ಉಳಿದಿತ್ತು, ಅದನ್ನು ಸುಳ್ಳೆನ್ನಲು ಅವನಿಗೆ ಮನಸ್ಸಾಗಲಿಲ್ಲ. ಬಾಗಿಲ ಬಳಿ ಚಹಾ ಬಗ್ಗಿಸುತ್ತಿದ್ದ ಸೊಸೆಯ ಮುಂದೆ ಆ ಮೂಳೆಯನ್ನು ಇಟ್ಟ.

ಕುತ್ಮಾನ್ ಅಪ್ಪನಿಗೆ ಬುದ್ಧಿ ಕೆಟ್ಟಿತೇ ಎಂದು ಅಮ್ಮನ ಮುಖ ನೋಡಿದ.

"ನನ್ನ ಬಲ ಎಲ್ಲ ಅವಳಿಗೆ ಹೋಯ್ತು ಕಣೋ" ಎಂದ ಬೇಶೆನಾಲಿ. "ಚಳಿಗಾಲವಿಡೀ ನಾನೇ ಕೈಯಾರೆ ಕೊಟ್ಟೆ."

"ನೀವು ಕೊಟ್ರಾ?" ಎಂದಳು ಸೈರಕಾನ್. ಅವಳು ಅವನ ಮುಂದೆ ಬೀನ್ಸಿನ ಬಟ್ಟಲು ತಂದಿಟ್ಟು ಪಕ್ಕದಲ್ಲೇ ಕೂತಳು. "ಡಾಕ್ಟರಮ್ಮ ಆವತ್ತು ಇಬ್ಬರ ವಿಷ್ಯ ಹೇಳಿದ್ರು. ನಿಮ್ದು ನಿಮ್ಮೆದುರೇ ಹೇಳಿದ್ರು, ಇವಳ್ದು ನೀವು ಹೊರಗೆ ಹೋದ್ಮೇಲೆ. ಹಾಲೂಡಿಸೋ ಹುಡುಗಿ, ಒಣಗಿ ಕಡ್ಡಿ ಆಗಿದಾಳೆ, ತಿನ್ನಿಸಿ ಅಂದ್ರು. ಹೇಗೆ ತಿನ್ನಿಸ್ಲಿ? ನಾನು ಹಾಕಿಕೊಟ್ರೆ 'ಬೇಡ ಅತ್ತೆ, ಅವರಿಗಿರಲಿ' ಅಂತ ಗಂಡನ ತಟ್ಟೆಗೆ ಬಗ್ಗಿಸ್ತಾಳೆ. ಮೊದಲ ದಿನ ನೀವು ಸರ್ಕಿತ್ ಅಂದ್ರಲ್ಲ, ನಂಗೆ ದಾರಿ ಸಿಕ್ತು. ದಿನಾ ನೀವು ಮುಖ ಸಿಂಡರಿಸೋ ಅಂಥದ್ದನ್ನೇ ಹುಡುಕಿ ಹುಡುಕಿ ಮಾಡ್ದೆ."

"ಅಂದ್ರೆ... ನಾನು?"

"ನೀವು ನನ್ನ ಸೌಟು."

ರಿಸ್ಕುಲ್ ಚಹಾ ನೆತ್ತಿಗೆ ಹತ್ತಿಸಿಕೊಂಡು ಕೆಮ್ಮತೊಡಗಿದ. ಬೇಶೆನಾಲಿ ಅವನತ್ತ ತಿರುಗಿದ. "ನೀನ್ಯಾಕೋ ನಗ್ತೀಯ? ನಿನಗೂ ಗೊತ್ತಿತ್ತಾ?"

"ಅಕ್ಕ ಹೇಳಿದ್ಲು ಭಾವ, ಪಾಪ ಉಪವಾಸ ಇರ್ತಾರೆ, ಬಂದಾಗ ಏನಾದ್ರೂ ಹಾಕು ಅಂತ. ಬಾಲಗಳನ್ನೂ ಅವಳೇ ಕಳಿಸ್ತಿದ್ಲು."

ಬೇಶೆನಾಲಿ ಚಮಚ ಎತ್ತಿಕೊಂಡು ಮೊಟ್ಟಮೊದಲ ಬಾರಿಗೆ ಕಣ್ಣು ಮುಚ್ಚದೆ, ಅಗಿದು, ಬೀನ್ಸ್ ತಿಂದ. ಬೆಣ್ಣೆಯಂತೆ ಬೆಂದಿತ್ತು. ಹುರಿದ ಈರುಳ್ಳಿಯ ಸಿಹಿ, ಟೊಮೇಟೊ ಹುಳಿ, ಸಬ್ಬಸಿಗೆಯ ಘಮ. ಇನ್ನೊಂದು ಚಮಚ ತಿಂದ. ಮತ್ತೊಂದು. ಇಷ್ಟು ವರ್ಷ ಇದನ್ನು ಲಾರಿಗೆ ಏರಿಸಿ ಕೈ ಒರೆಸಿಕೊಂಡೆನಲ್ಲ ಎಂದು ನಿಜವಾಗಿಯೂ ಸಂಕಟವಾಯಿತು. ಬಟ್ಟಲಿನ ತಳ ಕೆರೆದು ಮುಂದಕ್ಕೆ ಚಾಚಿದ.

"ಇನ್ನೊಂದು ಸೌಟು ಹಾಕೇ."

"ಪಾತ್ರೆ ಖಾಲಿ" ಎಂದಳು ಸೈರಕಾನ್.

"ಅಷ್ಟೊಂದು ಮಾಡಿದ್ದೆಯಲ್ಲ?"

ಸೈರಕಾನ್ ಸೊಸೆಯ ಕಡೆ ನೋಡಿದಳು. ಕನಿಶಾಯ್ ಕಿವಿಯವರೆಗೆ ಕೆಂಪಾದಳು.

"ಅಭ್ಯಾಸ ಆಗ್ಬಿಟ್ಟಿದೆ ಮಾವ" ಎಂದಳು. ಅವಳ ಬಟ್ಟಲಿನಲ್ಲಿ ಒಂದಿಷ್ಟು ಉಳಿದಿತ್ತು. ಅದನ್ನೇ ನೋಡುತ್ತ ಕೂತಳು. ಕಿರಿಯರ ಉಳಿಕೆಯನ್ನು ಹಿರಿಯರಿಗೆ ಕೊಟ್ಟದ್ದನ್ನು ಆ ಹುಲ್ಲುಗಾವಲಿನಲ್ಲಿ ಕಂಡವರಿಲ್ಲ, ಕೇಳಿದವರಿಲ್ಲ. ಕೊನೆಗೆ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಅರ್ಧ ಎದ್ದಳು, ಮುಂದೇನು ಮಾಡಬೇಕೆಂದು ತಿಳಿಯದೆ ಅತ್ತೆಯ ಮುಖ ನೋಡಿದಳು. ಸೈರಕಾನ್ ಗಂಡನ ಮುಖ ನೋಡಿದಳು.

"ಇವಳು ಏನ್ ಮಾಡ್ಲಿರೀ? ನೀವೇ ಹೇಳಿ, ಯಜಮಾನ್ರು."

ಬೇಶೆನಾಲಿ ಟೋಪಿ ಸರಿಮಾಡಿಕೊಂಡ. ಅಪ್ಪನ ಬಾಯಲ್ಲಿ ಕೇಳಿದಂದಿನಿಂದ ಹೆದರಿಕೊಂಡು ಬಂದ ವಾಕ್ಯ ಗಂಟಲವರೆಗೆ ಬಂದಿತ್ತು. ಹಾಗೆ ನೋಡಿದರೆ ಅದೇನೂ ಅಷ್ಟು ಕಹಿಯಾಗಿರಲಿಲ್ಲ, ಘಮ್ಮೆಂದು ಸಬ್ಬಸಿಗೆಯ ವಾಸನೆ ಬರುತ್ತಿತ್ತು.

"ಅವಳು ಹೇಗೆ ಹೇಳ್ತಾಳೋ ಹಾಗೆ" ಎಂದು, ಸೊಸೆಯ ಎದುರು ಎರಡೂ ಕೈ ಒಡ್ಡಿದ.